ಪರದೆಯ ಹಿಂದೆ: ಮೀಸೆಯಿಲ್ಲದ ಖಳನಾಯಕ!

ಈ ವಾರ ಒಬ್ಬ ಖಳನಾಯಕನ ಬಗ್ಗೆ ಬರೀತೀನಿ. ಇವನಿಗೆ ವಜ್ರಮುನಿಯವರ ಕಣ್ಣಿಲ್ಲ, ತೂಗುದೀಪ ಶ್ರೀನಿವಾಸ್ ಅವರ ಗತ್ತಿಲ್ಲ, ಮೀಸೆಯಂತೂ ಇಲ್ಲವೇ ಇಲ್ಲ. ಒಂದೇ ಒಂದು ಡೈಲಾಗ್ ಕೂಡ ಹೇಳೋದಿಲ್ಲ. ಆದರೂ ನಾಯಕ ಹೊಡೆಯೋಕೆ ಕೈ ಎತ್ತಿದ ಗಳಿಗೆಗೆ ಸರಿಯಾಗಿ ತೆರೆಯ ನಟ್ಟನಡುವೆ ಪ್ರತ್ಯಕ್ಷನಾಗಿ, ಎಂಥಾ ಸೂಪರ್ ಸ್ಟಾರನ್ನೂ ಎತ್ತಿದ ಕೈ ಎತ್ತಿದ ಹಾಗೇ ನಿಲ್ಲಿಸಿಬಿಡ್ತಾನೆ! ಯಾರಂತೀರಾ? ಫೋನಿನ ತೆರೆಯ ಮೇಲೆ ಗಿರಗಿರ ಸುತ್ತುತ್ತಲ್ಲ, ಆ ಬಿಳೀ ಚಕ್ರ ಸ್ವಾಮಿ!

ಬಸ್ ಸ್ಟ್ಯಾಂಡಿನಲ್ಲಿ ಈ ಪತ್ರಿಕೆ ಕೊಂಡು ಕಿಟಕಿ ಪಕ್ಕದ ಸೀಟು ಹಿಡಿದು ಕೂತ ನಿಮಗೆ ಇವನ ಪರಿಚಯ ಮಾಡಿಕೊಡಬೇಕಾಗಿಲ್ಲ. ಬಸ್ಸು ಬೆಂಗಳೂರು ಬಿಟ್ಟು ನೆಲಮಂಗಲ ದಾಟುವವರೆಗೆ ಚಿತ್ರ ಸೊಗಸಾಗಿ ಓಡುತ್ತೆ. ಸಕಲೇಶಪುರ ಹಿಂದೆ ಬಿದ್ದು ಶಿರಾಡಿ ಘಾಟಿ ಇಳಿಯೋಕೆ ಶುರುವಾಯ್ತೋ... ಚಕ್ರ! ಪಕ್ಕದ ಸೀಟಿನ ಮಹಾಶಯ ಮಾತ್ರ ಅದೇ ಚಿತ್ರವನ್ನು ಯಾವ ಅಡ್ಡಿಯೂ ಇಲ್ಲದೆ ನೋಡ್ತಾ ಚುರುಮುರಿ ಮೆಲ್ಲುತ್ತಿರುತ್ತಾನೆ. ಹೇಗೆ ಅಂತೀರಿ? ಅವನದ್ದು ಕದ್ದ ಕಾಪಿ. ಹಿಂದಿನ ದಿನವೇ ಫೋನಿಗೆ ಇಳಿಸಿಕೊಂಡಿದ್ದಾನೆ.

ದುಡ್ಡು ಕೊಟ್ಟವನಿಗೆ ಚಕ್ರ, ಕದ್ದವನಿಗೆ ಚಿತ್ರ! ಇದು ಯಾವ ನ್ಯಾಯ ರೀ?

ಈ ಪ್ರಶ್ನೆ ನನ್ನ ತಲೆ ಹೊಕ್ಕಿದ್ದು ನನ್ನ ರೂಮ್‌ಮೇಟ್‌ನಿಂದ. ಅವನ ಹೆಸರು ಬೇಡ, ನಾಳೆ ದೊಡ್ಡ ನಟನಾದರೆ ಬೈದಾನು. ನಾಲ್ಕು ವರ್ಷ ಗಾಂಧಿನಗರದ ಆಫೀಸುಗಳ ಮೆಟ್ಟಿಲು ಸವೆಸಿ, ಕೊನೆಗೊಂದು ಸಣ್ಣ ಬಜೆಟ್ಟಿನ ಚಿತ್ರದಲ್ಲಿ ಮೂರು ನಿಮಿಷ ನಲವತ್ತು ಸೆಕೆಂಡಿನ ಪಾತ್ರ ಗಿಟ್ಟಿಸಿದ. ಚಿತ್ರಮಂದಿರದಲ್ಲಿ ಒಂದೇ ವಾರ. ಅವರೂರಿನ ಕಡೆಗಂತೂ ಬರಲೇ ಇಲ್ಲ. ಆಮೇಲೆ ಓಟಿಟಿಯಲ್ಲಿ ಬಂತು. ಊರು ಹೊಸನಗರದ ಆಚೆ, ಕಾಡಿನ ಮಗ್ಗುಲಲ್ಲಿ. ಅಲ್ಲಿ ಅವನ ತಾಯಿ ಅಕ್ಕಪಕ್ಕದವರನ್ನೆಲ್ಲ ಕರೆದು, ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟು ಕೂತರಂತೆ. ರಾತ್ರಿ ಫೋನ್ ಬಂತು. ನಾನೂ ಪಕ್ಕದಲ್ಲೇ ಇದ್ದೆ.

"ನೀ ಬಾಗ್ಲು ತೆಗ್ದು ಒಳಗ್ ಬಂದ್ಯಲ, ಅದು ಕಂಡ್ತು ಮಾರಾಯ. ಆಮೇಲೆ ಎಂಥದೋ ಉಂಗುರ ತಿರ್ಗಕ್ ಶುರುವಾತು. ತಿರ್ಗಿ ಬರೋ ಹೊತ್ತಿಗೆ ನಿನ್ನ ಸಾಯ್ಸಿ ಆಗಿತ್ತು."

ನಾನು ನಕ್ಕೆ. ಅವನು ನಗಲಿಲ್ಲ.

ನಾನು ಪಿ.ಯು.ಸಿ. ಅರ್ಧಕ್ಕೇ ಬಿಟ್ಟವನು, ಫಿಸಿಕ್ಸ್ ಪುಸ್ತಕದ ರಟ್ಟು ನೋಡಿದ್ರೂ ಮೈ ಬೆವರ್ತಿತ್ತು. ಆದ್ರೂ ಈ ಖಳನಾಯಕನ ಜಾತಕ ಬಿಡಿಸದೆ ಬಿಡಬಾರದು ಅಂತ ಹೊರಟೆ. ಯಲಹಂಕದ ಕಡೆ ಮೊಬೈಲ್ ಟವರ್ ರಿಪೇರಿ ಮಾಡುವ ಗೆಳೆಯನೊಬ್ಬನಿದ್ದಾನೆ. ಅವನ ಹತ್ತಿರ ಒಂದು ಭಾನುವಾರ ಕೂತೆ. ಆಮೇಲೆ ಅವನು ಹೇಳಿದ್ದರ ಜಾಡು ಹಿಡಿದು ಇನ್ನಷ್ಟು ಓದಿದೆ.

"ಗುರೂ, ಸ್ಪೀಡ್ ಇಲ್ಲ ಅಂತ ಎಲ್ಲರೂ ಬೈತಾರೆ" ಅಂದ. "ಸ್ಪೀಡ್ ಕಡಿಮೆ ಇದ್ರೂ ಪರವಾಗಿಲ್ಲ, ಒಂದೇ ಸಮ ಇದ್ರೆ ಚಿತ್ರ ಓಡುತ್ತೆ. ಗಾಳೀಲಿ ಒಂದೇ ಸಮ ಅನ್ನೋದೇ ಇಲ್ಲ, ಅದು ರೋಗ."

ತಂತಿಯಲ್ಲಿ ಬರುವ ಸಂದೇಶ ಕೊಳವೆಯಲ್ಲಿ ಬರುವ ನೀರಿನ ಹಾಗೆ. ಗಾಳಿಯಲ್ಲಿ ಬರುವುದು ಹಾಗಲ್ಲ. ಗೋಡೆಗೆ ಬಡಿದು ಕುಗ್ಗುತ್ತೆ, ಗುಡ್ಡದ ಮರೆಯಲ್ಲಿ ಸಾಯುತ್ತೆ, ಒದ್ದೆ ಎಲೆಗಳ ಕಾಡಿನಲ್ಲಿ ಸೊರಗುತ್ತೆ. ಒಂದೇ ಟವರಿನ ಶಕ್ತಿಯನ್ನು ಅದರ ಕೆಳಗಿರುವವರೆಲ್ಲ ಹಂಚಿಕೊಳ್ಳಬೇಕು. ಜಾತ್ರೆ ದಿನ ಫೋನು ಯಾಕೆ ಸತ್ತ ಹಾಗಿರುತ್ತೆ ಅಂತ ಈಗ ಗೊತ್ತಾಯ್ತಲ್ಲ? ಇನ್ನು ಬಸ್ಸಿನಲ್ಲಿ ಕೂತವನ ಪಾಡು ಬೇರೆ. ಅವನನ್ನು ಒಂದು ಟವರು ಮುಂದಿನ ಟವರಿಗೆ ಕೈ ದಾಟಿಸಬೇಕು, ಅದು ಅದರ ಮುಂದಿನದಕ್ಕೆ. ಘಾಟಿಯಲ್ಲಿ ಕೈ ಚಾಚಿದರೆ ಹಿಡಿಯೋಕೆ ಆಚೆ ಯಾರೂ ಇರೋದಿಲ್ಲ!

ಚಿತ್ರ ನಮ್ಮ ಫೋನಿಗೆ ಬರೋದು ಸಣ್ಣ ಸಣ್ಣ ಪೊಟ್ಟಣಗಳಾಗಿ. ಅವಕ್ಕೆ ಪ್ಯಾಕೆಟ್ ಅಂತಾರೆ. ಒಂದೆರಡು ಪ್ಯಾಕೆಟ್ ಕಳೆದುಹೋದರೆ ಏನು ಮಹಾ ಅಂದ್ಕೊಬೇಡಿ. ಹಳೇ ರೀಲಿನಲ್ಲಿ ಸೆಕೆಂಡಿಗೆ 24 ಚಿತ್ರ, ಪ್ರತಿಯೊಂದೂ ಪೂರ್ತಿ ಚಿತ್ರ. ಒಂದು ಹರಿದರೆ ಕತ್ತರಿಸಿ ಅಂಟಿಸ್ತಿದ್ರು, ನಮಗೆ ತಿಳೀತಾನೂ ಇರಲಿಲ್ಲ. ಡಿಜಿಟಲ್‌ನಲ್ಲಿ ಹಾಗಲ್ಲ. ಆಗೊಂದು ಈಗೊಂದು ಮಾತ್ರ ಪೂರ್ತಿ ಚಿತ್ರ ಬರುತ್ತೆ. ಮಿಕ್ಕದ್ದೆಲ್ಲ "ನಾಯಕಿಯ ಸೆರಗು ಇಷ್ಟು ಸರಿಯಿತು, ಹಿಂದಿನ ಗೋಡೆ ಹಾಗೇ ಇದೆ" ಅನ್ನೋ ಥರದ ವ್ಯತ್ಯಾಸದ ಲೆಕ್ಕ. ಆ ಪೂರ್ತಿ ಚಿತ್ರದ ಪ್ಯಾಕೆಟ್ಟೇ ಕಳೆದುಹೋಯ್ತು ಅನ್ನಿ, ಅದನ್ನು ನಂಬಿಕೊಂಡ ಮುಂದಿನವೆಲ್ಲ ಅನಾಥ! ಹಾಗಾಗಿ ಕಳೆದದ್ದನ್ನು ಮತ್ತೆ ತರಿಸಲೇಬೇಕು.

ಇಲ್ಲೊಂದು ಫ್ಲ್ಯಾಶ್‌ಬ್ಯಾಕ್.

1986ರ ಅಕ್ಟೋಬರ್. ಅಮೆರಿಕದ ಕ್ಯಾಲಿಫೋರ್ನಿಯಾ. ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯ, ಎರಡರ ನಡುವೆ ಬರೀ 400 ಗಜ. ಆ ದಾರಿಯಲ್ಲಿ ಸೆಕೆಂಡಿಗೆ 32 ಸಾವಿರ ಬಿಟ್ ಹೋಗುತ್ತಿದ್ದದ್ದು ಇದ್ದಕ್ಕಿದ್ದ ಹಾಗೆ 40 ಬಿಟ್‌ಗೆ ಇಳೀತು. ನಲವತ್ತು ಸಾವಿರ ಅಲ್ಲ ಕಣ್ರೀ, ಬರೀ ನಲವತ್ತು! ಕಳೆದ ಪ್ಯಾಕೆಟ್ಟನ್ನು ಎಲ್ಲರೂ ಮತ್ತೆ ಮತ್ತೆ ಕಳಿಸಿ, ಮೊದಲ ದಿನದ ಮೊದಲ ಆಟದ ಟಿಕೆಟ್ ಕೌಂಟರಿನ ಹಾಗೆ ದಾರಿ ಕಟ್ಟಿಕೊಂಡಿತ್ತು. ವ್ಯಾನ್ ಜಾಕಬ್‌ಸನ್ ಎಂಬ ವಿಜ್ಞಾನಿ ಇದಕ್ಕೆ ಮದ್ದು ಹುಡುಕಿ 1988ರಲ್ಲಿ ಪ್ರಕಟಿಸಿದರು. ಮದ್ದು ಏನು ಗೊತ್ತೇ? ಪ್ಯಾಕೆಟ್ ಕಳೆಯಿತು ಅಂದರೆ ದಾರಿಯಲ್ಲಿ ಜನಜಂಗುಳಿ ಇದೆ ಅಂತ ತಿಳಿದು, ಕಳಿಸುವವನು ತಾನಾಗಿ ವೇಗ ತಗ್ಗಿಸಬೇಕು. ಇಂಟರ್ನೆಟ್ ಉಳಿದದ್ದೇ ಈ ಶಿಸ್ತಿನಿಂದ.

ಆದರೆ ಅದು ತಂತಿಯ ಕಾಲದ ಶಿಸ್ತು. ತಂತಿ ಹೋಗಿ ಗಾಳಿ ಬಂದಾಗ ಅದೇ ಮದ್ದು ವಿಷವಾಯ್ತು! ಗಾಳಿಯಲ್ಲಿ ಪ್ಯಾಕೆಟ್ ಕಳೆಯೋದು ಜನಜಂಗುಳಿಯಿಂದಲೇ ಆಗಬೇಕಿಲ್ಲ. ಬಸ್ಸು ತಿರುವಿನಲ್ಲಿ ತಿರುಗಿದರೂ ಸಾಕು. ಅಂಥ ಹೊತ್ತಿನಲ್ಲಿ ಬೇಗ ಇನ್ನೊಂದು ಕಳಿಸೋದು ಬಿಟ್ಟು, "ಓಹೋ ಜನ ಜಾಸ್ತಿ" ಅಂತ ಕಳಿಸುವವನು ನಿಧಾನ ಮಾಡಿಕೊಂಡು ಕೂತರೆ ಹೇಗೆ? ದಾರಿ ಖಾಲಿ, ಬಸ್ಸು ಮಾತ್ರ ಫಸ್ಟ್ ಗೇರಿನಲ್ಲಿ!

ಇದನ್ನು ಬಿಡಿಸಿದವರಲ್ಲಿ ನಮ್ಮ ದೇಶದ ಹುಡುಗರೂ ಇದ್ದರು ಅನ್ನೋದು ನನಗೆ ಖುಷಿ ಕೊಟ್ಟ ವಿಷಯ. ಮದರಾಸಿನ ಐ.ಐ.ಟಿ.ಯಲ್ಲಿ ಓದಿ ಬರ್ಕ್ಲಿಗೆ ಹೋದ ಹರಿ ಬಾಲಕೃಷ್ಣನ್ ಮತ್ತು ಜೊತೆಗಾರರು 1995ರಲ್ಲಿ ಒಂದು ಉಪಾಯ ಮುಂದಿಟ್ಟರು. ಟವರಿನ ಬುಡದಲ್ಲೇ ಪ್ರತಿ ಪ್ಯಾಕೆಟ್ಟಿನ ಒಂದು ಕಾಪಿ ಸ್ವಲ್ಪ ಹೊತ್ತು ಇಟ್ಟುಕೊಳ್ಳೋದು. ಗಾಳಿಯಲ್ಲಿ ಕಳೆದರೆ ಟವರೇ ಮತ್ತೆ ಕೊಡುತ್ತೆ, ದೂರದಲ್ಲಿ ಕೂತು ಕಳಿಸುವವನಿಗೆ ಸುದ್ದಿಯೇ ಮುಟ್ಟೋದಿಲ್ಲ. ಸುದ್ದಿ ಮುಟ್ಟದಿದ್ದ ಮೇಲೆ ಅವನು ವೇಗ ತಗ್ಗಿಸೋ ಮಾತೆಲ್ಲಿ? ಅವರು ಇದಕ್ಕಿಟ್ಟ ಹೆಸರು "ಸ್ನೂಪ್". ಕದ್ದು ನೋಡುವವನು ಅಂತ ಅರ್ಥ! ಗಾಳಿಯಲ್ಲಿ ಕಳೆದದ್ದನ್ನು ಟವರಿನ ಹತ್ತಿರವೇ ತುಂಬಿಕೊಡುವ ಕೆಲಸ ಇವತ್ತಿನ ಫೋರ್‌ಜಿ, ಫೈವ್‌ಜಿಗಳಲ್ಲಿ ಬೇರೆ ವಿಧಾನದಿಂದ ದಿನವಿಡೀ ನಡೀತಾನೇ ಇರುತ್ತೆ.

ಮತ್ತೆ ಕಳಿಸೋದಕ್ಕಿಂತ ಮೊದಲೇ ಒಂದು ಉಪಾಯವಿದೆ. 4, 7, 2 ಅನ್ನೋ ಮೂರು ಅಂಕಿ ಕಳಿಸಬೇಕು ಅನ್ನಿ. ಜೊತೆಗೆ ಮೊತ್ತ 13ನ್ನೂ ಕಳಿಸಿಬಿಡಿ. ನಡುವಿನ 7 ಕಳೆದುಹೋದರೂ ಪಡೆದವನು ತಾನೇ ಲೆಕ್ಕ ಹಾಕಿಕೊಳ್ತಾನೆ, ಕೇಳಲೇಬೇಕಾಗಿಲ್ಲ. ಇದನ್ನೇ ಬಹಳ ದೊಡ್ಡ ಮಟ್ಟದಲ್ಲಿ ಮಾಡುವ ಗಣಿತವನ್ನು ರಾಬರ್ಟ್ ಗ್ಯಾಲಗರ್ ಎಂಬುವವರು 1960ರಲ್ಲಿ ಎಂ.ಐ.ಟಿ.ಯಲ್ಲಿ ಡಾಕ್ಟರೇಟ್‌ಗೆ ಬರೆದರು. ಆಗಿನ ಕಂಪ್ಯೂಟರುಗಳಿಗೆ ಅದನ್ನು ಮಾಡಿ ತೋರಿಸುವ ತಾಕತ್ತಿರಲಿಲ್ಲ. ಮೂವತ್ತು ವರ್ಷಕ್ಕೂ ಮೇಲೆ ಅದು ಹೆಚ್ಚುಕಡಿಮೆ ಡಬ್ಬದಲ್ಲೇ ಉಳಿಯಿತು. 1990ರ ದಶಕದಲ್ಲಿ ಡೇವಿಡ್ ಮೆಕ್‌ಕೇ, ರ್‍ಯಾಡ್‌ಫರ್ಡ್ ನೀಲ್ ಅನ್ನುವವರು ದೂಳು ಕೊಡವಿ ಹೊರತೆಗೆದರು. ಇವತ್ತು ನಿಮ್ಮ ಫೈವ್‌ಜಿ ಫೋನಿಗೆ ಡೇಟಾ ಬರೋದೇ ಅವರ ಗಣಿತದ ಕವಚ ತೊಟ್ಟು. ಡಬ್ಬದಲ್ಲಿ ಕೂತ ಚಿತ್ರದ ನಿರ್ಮಾಪಕರೇ, ಧೈರ್ಯವಾಗಿರಿ!

ಇಷ್ಟೆಲ್ಲ ಆದರೂ ಗುಡ್ಡ ಗುಡ್ಡವೇ. ಸಿಗ್ನಲ್ಲೇ ಇಲ್ಲದ ಕಡೆ ಯಾವ ಗಣಿತವೂ ನಡೆಯೋದಿಲ್ಲ. ಅಲ್ಲಿ ಕಾಪಾಡೋದು ದಾಸ್ತಾನು ಒಂದೇ.

ನಮ್ಮೂರ ಟಾಕೀಸಿನಲ್ಲಿ ಆಪರೇಟರ್ ಆಗಿದ್ದ ಹಿರಿಯರೊಬ್ಬರು ಹೇಳುತ್ತಿದ್ದರು. ಸಾವಿರ ಅಡಿಯ ರೀಲು ಅಂದರೆ ಸುಮಾರು ಹನ್ನೊಂದು ನಿಮಿಷ. ಒಂದೇ ಪ್ರಿಂಟಿನಲ್ಲಿ ಎರಡು ಟಾಕೀಸು ನಡೆಸುವಾಗ, ಆ ಟಾಕೀಸಿನಲ್ಲಿ ಮುಗಿದ ರೀಲನ್ನು ಹುಡುಗನೊಬ್ಬ ಸೈಕಲ್ಲಿನಲ್ಲಿ ಈ ಟಾಕೀಸಿಗೆ ತರಬೇಕು. ಕ್ಯಾಬಿನ್ನಿನಲ್ಲಿ ಇನ್ನೂ ಎರಡು ರೀಲು ಇದ್ದರೆ ಆಪರೇಟರ್ ಬೀಡಿ ಹಚ್ಚಿ ಹಾಯಾಗಿರುತ್ತಿದ್ದರಂತೆ. ಒಂದೇ ಉಳಿದಿದ್ದು ಸೈಕಲ್ ಹುಡುಗ ಕಾಣದಿದ್ದರೆ ಎದೆ ಡವಡವ. ರೀಲು ಬರದೆ ತೆರೆ ಬೆಳ್ಳಗಾದರೆ ಗಾಂಧಿ ಕ್ಲಾಸಿನಿಂದ ಶಿಳ್ಳೆ, ಬೈಗುಳ, ಒಮ್ಮೊಮ್ಮೆ ಕುರ್ಚಿ ಮುರಿತ!

ನಿಮ್ಮ ಫೋನಿನೊಳಗೂ ಅಂಥದ್ದೇ ಒಂದು ಕ್ಯಾಬಿನ್ ಇದೆ. ಬಫರ್ ಅಂತಾರೆ. ನೀವು ನೋಡ್ತಿರುವ ದೃಶ್ಯಕ್ಕಿಂತ ಮುಂದಿನದ್ದು ಅಲ್ಲಿ ಬಂದು ಕೂತಿರುತ್ತೆ. ಅದು ಖಾಲಿಯಾದ ಗಳಿಗೆಗೆ ಚಕ್ರ ಹುಟ್ಟುತ್ತೆ.

ಈಗ ಬಂತು ನಿಜವಾದ ಚಾಣಾಕ್ಷತನ. ಚಿತ್ರವನ್ನು ಕೆಲವೇ ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿಡ್ತಾರೆ. ಆರು ಸೆಕೆಂಡಿನ ತುಂಡು ಅಂತಿಟ್ಟುಕೊಂಡರೆ ಎರಡೂವರೆ ಗಂಟೆಯ ಚಿತ್ರ 1500 ತುಂಡು. ಪ್ರತಿ ತುಂಡಿಗೂ ದಪ್ಪದ್ದು, ತೆಳುವಾದದ್ದು ಅಂತ ಐದಾರು ಬಗೆಯ ಪ್ರಿಂಟು. ದಪ್ಪದ್ದರಲ್ಲಿ ನಾಯಕಿಯ ಮೂಗುತಿಯೂ ಹೊಳೆಯುತ್ತೆ, ತೆಳುವಾದದ್ದರಲ್ಲಿ ಮುಖ ಸ್ವಲ್ಪ ಮಸುಕು, ಆದರೆ ಬೇಗ ಬಂದು ಸೇರುತ್ತೆ. ಪ್ರತಿ ತುಂಡಿಗೂ ಫೋನು ಹೊಸದಾಗಿ ನಿರ್ಧಾರ ಮಾಡಬೇಕು, ದಪ್ಪವೋ ತೆಳುವೋ ಅಂತ. 2009ರಲ್ಲಿ ಆಪಲ್ ಕಂಪನಿ ಈ ಥರದ ಒಂದು ಪದ್ಧತಿ ತಂದಿತು. 2012ರಲ್ಲಿ "ಡ್ಯಾಶ್" ಅನ್ನೋ ಅಂತಾರಾಷ್ಟ್ರೀಯ ಪದ್ಧತಿಯೇ ಬಂತು.

ಆದರೆ ನಿರ್ಧಾರ ಮಾಡೋದು ಹೇಗೆ? ಮೊದಮೊದಲು ವೇಗ ಅಳೆದು ಊಹೆ ಮಾಡ್ತಿದ್ರು. ಈಗ ಇಷ್ಟು ವೇಗ ಇದೆ, ಮುಂದೆಯೂ ಇರುತ್ತೆ ಅಂತ. ಘಾಟಿಯಲ್ಲಿ ಬಸ್ಸು ಓಡಿಸುವಾಗ ನೂರು ಅಡಿ ನೇರ ರಸ್ತೆ ಕಂಡಿತು ಅಂತ ಟಾಪ್ ಗೇರ್ ಹಾಕ್ತೀರಾ? ಈ ಊಹೆಯಿಂದಲೇ ಎಷ್ಟೋ ಸಲ ಸುಮ್ಮಸುಮ್ಮನೆ ಚಕ್ರ ಸುತ್ತುತ್ತಿತ್ತು. ಸ್ಟ್ಯಾನ್‌ಫರ್ಡ್ ಮತ್ತು ನೆಟ್‌ಫ್ಲಿಕ್ಸ್‌ನ ಐವರು, ತೆ-ಯುವಾನ್ ಹುವಾಂಗ್ ಮತ್ತು ಸಂಗಡಿಗರು, 2014ರಲ್ಲಿ ಬೇರೆ ಮಾತು ಹೇಳಿದರು. ಆಕಾಶ ನೋಡಬೇಡಿ, ಮನೆಯ ಡ್ರಮ್ ನೋಡಿ! ದಿನ ಬಿಟ್ಟು ದಿನ ನೀರು ಬರುವ ಬೀದಿಯಲ್ಲಿ ಇದ್ದವರಿಗೆ ಇದು ಹೇಳಿಕೊಡಬೇಕಾಗಿಲ್ಲ. ಡ್ರಮ್ ತುಂಬಿದ್ದರೆ ತಲೆಗೆ ಸ್ನಾನ, ಅರ್ಧ ಇದ್ದರೆ ಮೈಗೆ ಮಾತ್ರ, ತಳ ಕಂಡರೆ ಮುಖ ತೊಳೆದು ನಡಿ. ಬಫರಿನಲ್ಲಿ ದಾಸ್ತಾನು ತುಂಬಿದ್ದರೆ ದಪ್ಪ ಪ್ರಿಂಟು ತರಿಸು, ತಳ ಕಂಡರೆ ತೆಳುವಾದದ್ದು. ಊಹೆ ಬೇಕಾಗೋದು ಶುರುವಿನಲ್ಲಿ, ಡ್ರಮ್ ಖಾಲಿ ಇರುವಾಗ ಮಾತ್ರ. ನಿಜವಾದ ಪ್ರೇಕ್ಷಕರ ಮೇಲೇ ಪರೀಕ್ಷೆ ಮಾಡಿ ನೋಡಿದರು. ಚಿತ್ರದ ಸರಾಸರಿ ಗುಣಮಟ್ಟ ಹಾಗೇ ಉಳಿಯಿತು, ನಿಲ್ಲೋದು ನೂರಕ್ಕೆ 10ರಿಂದ 20ರಷ್ಟು ಕಡಿಮೆಯಾಯ್ತು.

ಹೊಸನಗರದ ಅಮ್ಮನ ಫೋನಿಗೆ ಬರೋಣ. ಆ ಫೋನಿಗೂ ಈ ಬುದ್ಧಿ ಇತ್ತಲ್ಲ, ಯಾಕೆ ಕೈ ಕೊಟ್ಟಿತು? ಟವರಿನ ಗೆಳೆಯ ಕೇಳಿದ ಮೊದಲ ಪ್ರಶ್ನೆಯೇ, "ಕ್ವಾಲಿಟಿ ಆಟೋದಲ್ಲಿ ಇತ್ತಾ?" ನನ್ನ ರೂಮ್‌ಮೇಟ್ ಮುಖ ಸಣ್ಣದಾಯ್ತು. ಹಬ್ಬಕ್ಕೆ ಊರಿಗೆ ಹೋದಾಗ ಅವನೇ ಅಮ್ಮನ ಫೋನಿನಲ್ಲಿ ಎಲ್ಲಕ್ಕಿಂತ ಮೇಲಿನ ಗುಣಮಟ್ಟಕ್ಕೆ ಬಿಗಿದಿಟ್ಟು ಬಂದಿದ್ದ. ತಾನು ಚೆನ್ನಾಗಿ ಕಾಣಲಿ ಅಂತ! ಫೋನು ಪಾಪ ತೆಳುವಾದದ್ದನ್ನು ತರಿಸೋಣ ಅಂದರೂ ಯಜಮಾನರ ಅಪ್ಪಣೆ ಇಲ್ಲ. ಚೆನ್ನಾಗಿ ಕಾಣಬೇಕು ಅಂದವನು ಕಾಣಲೇ ಇಲ್ಲ. ಮಾರನೇ ದಿನ ಫೋನಿನಲ್ಲೇ ಹೇಳಿಕೊಟ್ಟು ಆಟೋಗೆ ತಿರುಗಿಸಿದ. ಸಾಲದ್ದಕ್ಕೆ, ಪೇಟೆಗೆ ಹೋದಾಗ ಚಿತ್ರವನ್ನು ಆ ಆ್ಯಪ್‌ನಲ್ಲೇ ಡೌನ್‌ಲೋಡ್ ಮಾಡಿಸಿಕೊಳ್ಳೋಕೂ ಹೇಳಿದ. ಆಮೇಲೆ ಅಮ್ಮ ಅವನು ಸಾಯುವುದನ್ನು ನಾಲ್ಕು ಸಲ ನೋಡಿ ನಾಲ್ಕು ಸಲವೂ ಅತ್ತರಂತೆ. ಇದಕ್ಕಿಂತ ದೊಡ್ಡ ವಿಮರ್ಶೆ ಬೇಕೇ?

ಇದು ಒಬ್ಬ ಸಣ್ಣ ನಟನ ಮನೆಯ ಕಥೆ ಮಾತ್ರ ಅಲ್ಲ. ಶುಣ್ಮುಗ ಕೃಷ್ಣನ್, ರಮೇಶ್ ಸೀತಾರಾಮನ್ ಎಂಬಿಬ್ಬರು 2012ರಲ್ಲಿ 67 ಲಕ್ಷ ಪ್ರೇಕ್ಷಕರ 2 ಕೋಟಿ 30 ಲಕ್ಷ ವೀಕ್ಷಣೆಗಳ ಲೆಕ್ಕ ತೆಗೆದಿದ್ದಾರೆ. ಶುರುವಾಗೋದು ಎರಡು ಸೆಕೆಂಡಿಗಿಂತ ತಡವಾದರೆ ಜನ ಎದ್ದು ಹೋಗೋಕೆ ಶುರು. ಅಲ್ಲಿಂದ ಮುಂದೆ ಒಂದೊಂದು ಸೆಕೆಂಡಿಗೂ ನೂರಕ್ಕೆ 5.8ರಷ್ಟು ಹೆಚ್ಚು ಜನ ಬಿಟ್ಟು ಹೋಗ್ತಾರೆ! ವೀಡಿಯೋದ ಉದ್ದದ ನೂರರಲ್ಲಿ ಒಂದು ಪಾಲು ಹೊತ್ತು ಚಕ್ರ ಸುತ್ತಿದರೆ, ನೋಡೋದು ನೂರಕ್ಕೆ 5ರಷ್ಟು ಕಡಿಮೆಯಾಗುತ್ತೆ. ಎರಡೂವರೆ ಗಂಟೆಯ ಚಿತ್ರಕ್ಕೆ ಇದೇ ಲೆಕ್ಕ ಹಿಡಿದರೆ ಒಂದೂವರೆ ನಿಮಿಷದ ಚಕ್ರಕ್ಕೆ ಏಳೂವರೆ ನಿಮಿಷದ ಚಿತ್ರ ಹೋಯ್ತು. ಏಳೂವರೆ ನಿಮಿಷ ಅಂದರೆ ಒಂದು ಕ್ಲೈಮ್ಯಾಕ್ಸ್ ಕಣ್ರೀ!

ದೊಡ್ಡ ಸ್ಟಾರ್ ಚಿತ್ರವಾದರೆ ಅಭಿಮಾನಿ ಕಾಯ್ತಾನೆ. ಹೊಸಬರ ಚಿತ್ರಕ್ಕೆ ಯಾರು ಕಾಯ್ತಾರೆ? ಟೆಲಿಗ್ರಾಂನಲ್ಲಿ ಕದ್ದ ಕಾಪಿ ಹುಡುಕ್ತಾರೆ, ಇಲ್ಲವೇ ಬೇರೆ ಭಾಷೆಯ ಚಿತ್ರಕ್ಕೆ ಬೆರಳು ಜಾರಿಸ್ತಾರೆ. ಕದ್ದ ಕಾಪಿಯವನ ಬಂಡವಾಳ ಏನು? ಪೂರ್ತಿ ದಾಸ್ತಾನು ಮೊದಲೇ ಕೈಯಲ್ಲಿರೋದು, ಅಷ್ಟೇ. ಅದೇ ಸೌಲಭ್ಯ ಎಷ್ಟೋ ಅಧಿಕೃತ ಆ್ಯಪ್‌ಗಳಲ್ಲೂ ಡೌನ್‌ಲೋಡ್ ಅನ್ನೋ ಹೆಸರಲ್ಲಿದೆ, ನಮ್ಮ ಹುಡುಗರು ಆ ಗುಂಡಿಯನ್ನು ಮುಟ್ಟೋದೇ ಇಲ್ಲ! ಮನೆಯ ವೈಫೈನಲ್ಲೋ, ಬಸ್ ಹೊರಡುವ ಮೊದಲು ಸಿಗ್ನಲ್ ಚೆನ್ನಾಗಿರುವ ಕಡೆಯೋ ಇಳಿಸಿಕೊಂಡರೆ ಶಿರಾಡಿಯೇನು, ಆಗುಂಬೆಯಲ್ಲೂ ಚಿತ್ರ ನಿಲ್ಲೋದಿಲ್ಲ.

ಮನೆಯಿಂದ ಫೋನ್ ನೋಡ್ತಾ ನೋಡ್ತಾನೇ ಬೀದಿಗೆ ಇಳಿದರೆ ಚಿತ್ರ ಗಕ್ಕನೆ ನಿಲ್ಲುತ್ತಿತ್ತಲ್ಲ, ಅದಕ್ಕೂ ಮದ್ದು ಬಂದಿದೆ. ವೈಫೈ ಬಿಟ್ಟು ಮೊಬೈಲ್ ನೆಟ್‌ವರ್ಕಿಗೆ ಹಾರಿದಾಗ ಫೋನಿನ ವಿಳಾಸ ಬದಲಾಗುತ್ತೆ, ಹಳೇ ಸಂಪರ್ಕ ಕಡಿದುಹೋಗುತ್ತೆ. ಗೂಗಲ್‌ನವರು 2012ರಿಂದ ಕಟ್ಟಿದ "ಕ್ವಿಕ್" ಪದ್ಧತಿಯಲ್ಲಿ ವಿಳಾಸ ನೋಡೋದಿಲ್ಲ, ಒಂದು ಗುರುತಿನ ನಂಬರ್ ನೋಡ್ತಾರೆ. ಸೀಟು ಬದಲಾಯಿಸಿದರೂ ಪಾಸ್ ನಂಬರ್ ಅದೇ ಇದ್ದ ಹಾಗೆ. ಕಳೆದ ಪ್ಯಾಕೆಟ್ಟಿಗೆ ಮರುಜೀವ ಕೊಡೋದರಲ್ಲೂ ಇದು ಚುರುಕು. 2017ರಲ್ಲಿ ಅವರೇ ಕೊಟ್ಟ ಲೆಕ್ಕದ ಪ್ರಕಾರ ಮೊಬೈಲ್‌ನಲ್ಲಿ ಯೂಟ್ಯೂಬ್ ನಿಲ್ಲೋದು ನೂರಕ್ಕೆ 15.3ರಷ್ಟು ಕಡಿಮೆಯಾಯ್ತು. 2021ರಲ್ಲಿ ಇದು ಇಂಟರ್ನೆಟ್‌ನ ಅಧಿಕೃತ ಪದ್ಧತಿಯೂ ಆಯ್ತು.

ಕ್ರಿಕೆಟ್ ಪ್ರಿಯರು ಮುನಿಸಿಕೊಳ್ಳೋ ಮೊದಲೇ ಹೇಳಿಬಿಡ್ತೀನಿ. ನೇರ ಪ್ರಸಾರದ ಕಷ್ಟವೇ ಬೇರೆ. ಮುಂದಿನ ಬಾಲು ಇನ್ನೂ ಎಸೆದೇ ಇಲ್ಲ, ದಾಸ್ತಾನು ಮಾಡೋದು ಏನನ್ನು? ಇರೋದು ಒಂದೇ ದಾರಿ, ಬೇಕೆಂದೇ ಕೆಲವು ಸೆಕೆಂಡು ಹಿಂದೆ ಉಳಿದು ಸ್ವಲ್ಪ ಕೂಡಿಡೋದು. ನಿಮ್ಮ ಫೋನಿನಲ್ಲಿ ಬೌಲರ್ ಇನ್ನೂ ಓಡಿ ಬರ್ತಿರುವಾಗಲೇ ಪಕ್ಕದ ಮನೆಯ ಟಿ.ವಿ. ಮುಂದೆ "ಔಟ್!" ಅಂತ ಕೂಗು ಕೇಳೋದು ಅದಕ್ಕೇ. 2023ರ ನವೆಂಬರ್ 19ರ ವಿಶ್ವಕಪ್ ಫೈನಲ್‌ನಲ್ಲಿ ಆಗಿನ ಡಿಸ್ನಿ ಪ್ಲಸ್ ಹಾಟ್‌ಸ್ಟಾರ್‌ನಲ್ಲಿ ಒಂದೇ ಹೊತ್ತಿಗೆ 5.9 ಕೋಟಿ ಜನ ನೋಡ್ತಿದ್ರು. ಅಷ್ಟು ಜನರಿಗೆ ಗಾಳಿಯಲ್ಲಿ ಚಿತ್ರ ಮುಟ್ಟಿಸಿದ್ದು ಸಾಮಾನ್ಯ ಮಾತಲ್ಲ. (ಪಂದ್ಯದ ಫಲಿತಾಂಶ ನೆನಪಿಸಬೇಡಿ, ಹೊಟ್ಟೆ ಉರಿಯುತ್ತೆ.)

ಮನೆಯಲ್ಲೂ ವೈಫೈ ಕಾಟ ಕೊಡುತ್ತೆ ಅನ್ನುವವರು ಡಬ್ಬ ಎಲ್ಲಿಟ್ಟಿದ್ದೀರಿ ನೋಡಿ. ಬೀರುವಿನ ಹಿಂದೆ, ಟಿ.ವಿ.ಯ ಬೆನ್ನಿಗೆ ಇಟ್ಟರೆ ಅದು ತಾನೇ ಏನು ಮಾಡುತ್ತೆ? ಮೈಕ್ರೋವೇವ್ ಓವನ್ ಉರಿಯುವಾಗ ಚಕ್ರ ಸುತ್ತಿದರೆ ಆಶ್ಚರ್ಯ ಬೇಡ, ಹಳೇ ವೈಫೈ ಕೆಲಸ ಮಾಡುವ 2.4 ಗಿಗಾಹರ್ಟ್ಸ್ ಬೀದಿಯಲ್ಲೇ ಅದರ ಸದ್ದೂ ಇರೋದು. 5 ಗಿಗಾಹರ್ಟ್ಸ್‌ಗೆ ಬದಲಾಯಿಸಿದರೆ ಆ ಕಾಟ ಇಲ್ಲ, ಆದರೆ ಗೋಡೆ ದಾಟುವ ಶಕ್ತಿ ಅದಕ್ಕೆ ಕಡಿಮೆ.

ಓಟಿಟಿ ಕಂಪನಿಗಳ ದೊರೆಗಳಿಗೆ ಒಂದು ಅರಿಕೆ. ನಿಮ್ಮ ಆ್ಯಪ್‌ಗಳನ್ನು ಎ.ಸಿ. ರೂಮಿನ ಫೈಬರ್ ಕನೆಕ್ಷನ್ನಿನಲ್ಲಿ ನೋಡಿ "ಆಹಾ" ಅಂದುಕೊಳ್ಳೋದು ಸಾಕು. ಎಂಟು ಸಾವಿರ ರೂಪಾಯಿಯ ಫೋನು ಹಿಡಿದು ಒಂದು ರಾತ್ರಿ ಕೆಂಪು ಬಸ್ಸಿನಲ್ಲಿ ಘಾಟಿ ಇಳಿಯಿರಿ. ಬೇಕಾದರೆ ಕಿಟಕಿ ಸೀಟು ನಾನೇ ಹಿಡಿದಿಡ್ತೀನಿ.

ಜಾಗ ಮುಗೀತು ಅಂತ ಸಂಪಾದಕರು ಕಣ್ಣು ಬಿಡ್ತಿದ್ದಾರೆ. ಮುಖ ಮಸುಕಾದರೂ ಮಾತು ಮಾತ್ರ ಸ್ಪಷ್ಟವಾಗಿ ಕೇಳೋದು ಹೇಗೆ ಅನ್ನೋ ಕಥೆ ಮುಂದಿನ ವಾರಕ್ಕಿರಲಿ.